ಬಚ್ಚಲ ಸುಖ ಬಿಟ್ಟರೆ ಕಾವೇರಿ ಉಳಿದಾಳೆಯೇ?

ಪರ: ಶವರ್ ಬಿಡಿ, ಬಕೆಟ್ಟಿಗೆ ಮರಳಿ

ದಿನವೆಲ್ಲ ದುಡಿದು ಬಂದವರಿಗೆ ಬಿಸಿನೀರಿನ ಶವರ್ ಕೆಳಗೆ ಹತ್ತು ನಿಮಿಷ ನಿಲ್ಲುವುದು ದೊಡ್ಡ ಸುಖ. ಅದನ್ನು ಬಿಡಿ ಎಂದು ಕೇಳುವವರು, ಬಿಟ್ಟರೆ ಏನು ಉಳಿಯುತ್ತದೆ ಎಂದೂ ಹೇಳಬೇಕು.

ಶವರ್ ನಿಮಿಷಕ್ಕೆ ಹತ್ತು ಲೀಟರ್ ಸುರಿಸುತ್ತದೆ ಎಂದಿಟ್ಟುಕೊಳ್ಳಿ. ಹತ್ತು ನಿಮಿಷಕ್ಕೆ ನೂರು ಲೀಟರ್. ಚೊಂಬು ಹಿಡಿದು ಮಿಂದರೆ ಇಪ್ಪತ್ತು ಲೀಟರ್ ಧಾರಾಳ. ಬೆಂಗಳೂರಿಗೆ ಈ ನೀರು ತಾನಾಗಿ ಹರಿದು ಬರುವುದಿಲ್ಲ. ಸುಮಾರು ನೂರು ಕಿಲೋಮೀಟರ್ ದೂರದ ತೊರೆಕಾಡನಹಳ್ಳಿಯಿಂದ ಎತ್ತಿ, ಹಾರೋಹಳ್ಳಿಯಲ್ಲಿ ಮತ್ತೆ ಎತ್ತಿ, ತಾತಗುಣಿಯಲ್ಲಿ ಮತ್ತೊಮ್ಮೆ ಎತ್ತಿ, ಒಟ್ಟು 500 ಮೀಟರಿನಷ್ಟು ಮೇಲೇರಿಸಬೇಕು. ಆದರೂ ಹೆಚ್ಚು ಕರೆಂಟು ತಿನ್ನುವುದು ಆ ಪಂಪುಗಳಲ್ಲ, ನಮ್ಮ ಗೀಸರ್. ನೂರು ಲೀಟರನ್ನು ಅಷ್ಟೆತ್ತರಕ್ಕೆ ತರಲು ಒಂದು ಯೂನಿಟ್ಟಿನ ಐದನೇ ಒಂದು ಭಾಗ ಸಾಕು. ಅದೇ ನೀರನ್ನು 25 ಡಿಗ್ರಿಯಿಂದ 40 ಡಿಗ್ರಿಗೆ ಕಾಯಿಸಲು ಒಂದೂಮುಕ್ಕಾಲು ಯೂನಿಟ್ ಬೇಕು. ಬಕೆಟ್ ಸ್ನಾನಕ್ಕೆ ಇದು ಅರ್ಧ ಯೂನಿಟ್ಟೂ ಆಗದು. ಅಂದರೆ ಬಿಸಿನೀರು ಉಳಿಸಿದವರು ಕಾವೇರಿಯ ಜೊತೆಗೆ ಕಲ್ಲಿದ್ದಲನ್ನೂ ಉಳಿಸುತ್ತಾರೆ. ನಮ್ಮಲ್ಲಿ ಸೋಲಾರ್ ಇದೆ ಎನ್ನುವವರು, ಬಿಸಿನೀರು ಚಾವಣಿಯಿಂದ ಇಳಿದು ನಲ್ಲಿಗೆ ಬರುವಷ್ಟರಲ್ಲಿ ಚರಂಡಿ ಸೇರುವ ತಣ್ಣೀರನ್ನು ಒಂದು ದಿನ ಬಕೆಟ್ಟಿಗೆ ಹಿಡಿದು ನೋಡಲಿ.

2023ರಲ್ಲಿ ಮಳೆ ಕೈಕೊಟ್ಟಿತು. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವಾದವು. ಮರುವರ್ಷದ ಬೇಸಿಗೆಗೆ ಬೆಂಗಳೂರಿನ ಸಾವಿರಾರು ಕೊಳವೆಬಾವಿಗಳು ಬತ್ತಿದವು. ಕಾರು ತೊಳೆಯಲು, ಗಿಡಕ್ಕೆ ಹಾಕಲು ಕುಡಿಯುವ ನೀರು ಬಳಸಿದರೆ 5000 ರೂಪಾಯಿ ದಂಡ ಎಂದು ಜಲಮಂಡಳಿ 2024ರ ಮಾರ್ಚಿನಲ್ಲಿ ಆದೇಶಿಸಿತು. ನಗರಕ್ಕೆ ಇನ್ನಷ್ಟು ನೀರು ತರುವ ಕಾವೇರಿ ಐದನೇ ಹಂತದ ಯೋಜನೆ ಉದ್ಘಾಟನೆಯಾದದ್ದು ಆ ವರ್ಷದ ಅಕ್ಟೋಬರಿನಲ್ಲಿ, ಬೇಸಿಗೆ ದಾಟಿದ ಮೇಲೆ. ಯೋಜನೆಗೆ ವರ್ಷಗಳು ಬೇಕು. ನಲ್ಲಿ ತಿರುಗಿಸಲು ಒಂದು ಕ್ಷಣ ಸಾಕು. ಬರದ ನಡುವೆ ಸಿಂಕ್ ಮುಂದೆ ನಿಂತವನ ಕೈಯಲ್ಲಿರುವುದು ಆ ಒಂದೇ ಉಪಾಯ.

ಇದು ಬರೀ ಉಪದೇಶ ಎನ್ನುವವರಿಗೆ ದಕ್ಷಿಣ ಆಫ್ರಿಕಾದ ಕೇಪ್‌ಟೌನ್ ಇದೆ. ಬರ ಬಿದ್ದಾಗ, 2018ರ ಫೆಬ್ರುವರಿಯಲ್ಲಿ, ಅಲ್ಲಿ ತಲೆಗೆ ದಿನಕ್ಕೆ 50 ಲೀಟರ್ ಮಿತಿ ಬಂತು. ಜನ ಎರಡು ನಿಮಿಷದಲ್ಲಿ ಸ್ನಾನ ಮುಗಿಸಿದರು, ಮಿಂದ ನೀರನ್ನು ಕಕ್ಕಸಿಗೆ ಸುರಿದರು. ಬರಕ್ಕೆ ಮುಂಚೆ ಖರ್ಚಾಗುತ್ತಿದ್ದುದರಲ್ಲಿ ಅರ್ಧದಷ್ಟಕ್ಕೆ ಆ ಮಹಾನಗರ ಇಳಿಯಿತು. ನಲ್ಲಿಗಳನ್ನೆಲ್ಲ ಮುಚ್ಚುವ ದಿನ ಕೊನೆಗೂ ಬರಲಿಲ್ಲ.

ವಿರೋಧ: ಕೊಳವೆ ಸರಿಮಾಡಿ, ಆಮೇಲೆ ಬಚ್ಚಲಿಗೆ ಬನ್ನಿ

2024ರ ಆ ಬೇಸಿಗೆಯಲ್ಲೂ ಬೆಂಗಳೂರಿಗೆ ಕಾವೇರಿಯಿಂದ ದಿನಕ್ಕೆ ಸುಮಾರು 145 ಕೋಟಿ ಲೀಟರ್ ಬರುತ್ತಿತ್ತು. ಅದರಲ್ಲಿ ಕಾಲುಭಾಗಕ್ಕೂ ಹೆಚ್ಚು ಲೆಕ್ಕಕ್ಕೇ ಸಿಗದ ನೀರು: ಒಡೆದ ಕೊಳವೆ, ಕಳ್ಳ ಸಂಪರ್ಕ, ಓಡದ ಮೀಟರ್. ಕಾಲುಭಾಗವೇ ಎಂದುಕೊಂಡರೂ 36 ಕೋಟಿ ಲೀಟರ್. ಇತ್ತ ಕೋಟಿ ಜನ ಒಬ್ಬರೂ ತಪ್ಪದೆ ದಿನಕ್ಕೆ ಇಪ್ಪತ್ತು ಲೀಟರ್ ಉಳಿಸಿದರೆ ಆಗುವುದು 20 ಕೋಟಿ. ಕೋಟಿ ಜನ ಒಂದೇ ಮನಸ್ಸಿನಿಂದ ಯಾವುದನ್ನಾದರೂ ಬಿಟ್ಟದ್ದನ್ನು ನಾನು ಕಂಡಿಲ್ಲ.

ಇನ್ನೊಂದು ಮಾತು ಈ ಚರ್ಚೆಯಲ್ಲಿ ಬರುವುದೇ ಇಲ್ಲ. ಮಿಂದ ನೀರು ಮಾಯವಾಗುವುದಿಲ್ಲ. 2018ರಿಂದ ಕೋರಮಂಗಲ-ಚಲ್ಲಘಟ್ಟ ಕಣಿವೆಯ ಕೊಳಚೆಯನ್ನು ಸಂಸ್ಕರಿಸಿ ಕೋಲಾರದ ಕೆರೆಗಳಿಗೆ ಹರಿಸುತ್ತಿದ್ದಾರೆ. ಯೋಜನೆಯ ಗುರಿ ದಿನಕ್ಕೆ 44 ಕೋಟಿ ಲೀಟರ್. ಎರಡನೇ ಹಂತದವರೆಗಷ್ಟೇ ಶುದ್ಧಿಯಾಗುವ ನೀರು ಅಂತರ್ಜಲಕ್ಕೆ ಇಳಿದರೆ ಏನಾದೀತು ಎಂದು ಅಲ್ಲಿನ ರೈತರು ಕೇಳುತ್ತಿದ್ದಾರೆ, ಆ ಆತಂಕ ನ್ಯಾಯವಾದದ್ದೇ. ಆದರೆ ಅದಕ್ಕೆ ಮದ್ದು ಮೂರನೇ ಹಂತದ ಶುದ್ಧೀಕರಣ. ಬಚ್ಚಲಿನಲ್ಲಿ ನಡುಗುತ್ತ ಮೀಯುವುದರಿಂದ ಕೋಲಾರದ ರೈತನಿಗೆ ಸಿಗುವುದೇನು?

ಚಾವಣಿಯ ಲೆಕ್ಕವನ್ನೂ ನೋಡಿ. ಬೆಂಗಳೂರಿನಲ್ಲಿ ವರ್ಷಕ್ಕೆ 970 ಮಿಲಿಮೀಟರ್ ಆಸುಪಾಸು ಮಳೆ. ಸಾವಿರ ಚದರಡಿ ಚಾವಣಿಯ ಮೇಲೆ ಬಿದ್ದದ್ದರಲ್ಲಿ ಒಂದಷ್ಟು ಪೋಲಾದರೂ ಎಪ್ಪತ್ತು ಸಾವಿರ ಲೀಟರ್ ಹಿಡಿಯಬಹುದು. ನಾಲ್ವರ ಸಂಸಾರ ವರ್ಷವಿಡೀ ತಲೆಗೆ ಐವತ್ತು ಲೀಟರ್ ತ್ಯಾಗ ಮಾಡಿದರೆ ಉಳಿಯುವುದೂ ಸರಿಸುಮಾರು ಅಷ್ಟೇ. ಒಂದು ಸಂಪು, ಒಂದು ಫಿಲ್ಟರ್, ಒಂದೇ ಸಲದ ಖರ್ಚು. ಯಾರೂ ಯಾವ ಸುಖವನ್ನೂ ಬಿಡಬೇಕಿಲ್ಲ. ಮಳೆನೀರು ಕೊಯ್ಲು ಕಡ್ಡಾಯ ಎಂಬ ಕಾನೂನು 2009ರಿಂದಲೇ ಇದೆ. ಬೀದಿಯಲ್ಲಿ ಎಷ್ಟು ಮನೆಗಳ ಪೈಪು ನೇರ ಚರಂಡಿಗೆ ಇಳಿದಿದೆ ಎಂದು ನೋಡಿದರೆ ಆ ಕಾನೂನಿನ ಗತಿ ತಿಳಿಯುತ್ತದೆ.

ಕೇಪ್‌ಟೌನಿನ ಕಥೆಯಲ್ಲಿ ಪರ ಪಕ್ಷ ಬಿಟ್ಟ ಭಾಗವೂ ಇದೆ. ಅಲ್ಲಿ ನಗರಾಡಳಿತ ಕೊಳವೆಗಳ ಒತ್ತಡ ತಗ್ಗಿಸಿತು, ಹೆಚ್ಚು ಬಳಸಿದವರಿಗೆ ದರ ಏರಿಸಿತು. ರೈತ ಸಂಘವೊಂದು ತನ್ನ ಜಲಾಶಯದಿಂದ ಸಾವಿರ ಕೋಟಿ ಲೀಟರ್ ಬಿಟ್ಟುಕೊಟ್ಟಿತು. ನಮ್ಮಲ್ಲೋ, 2014ರಿಂದ 2025ರವರೆಗೆ ನೀರಿನ ದರ ಅಲುಗಲೇ ಇಲ್ಲ. ಅಷ್ಟೂ ವರ್ಷ ತಿಂಗಳ ಮೊದಲ ಎಂಟು ಸಾವಿರ ಲೀಟರಿಗೆ, ಸಾವಿರಕ್ಕೆ ಏಳು ರೂಪಾಯಿ ಇತ್ತು.

ನನ್ನನ್ನು ಹೆಚ್ಚು ನೋಯಿಸುವುದು ತ್ಯಾಗದ ಮಾತು ಯಾರ ಕಿವಿಗೆ ಬೀಳುತ್ತದೆ ಎಂಬುದು. ಈಜುಕೊಳವಿರುವವರು ಅದನ್ನು ಕೇಳಿಸಿಕೊಳ್ಳುವುದಿಲ್ಲ. ಟ್ಯಾಂಕರ್ ಬರುವ ಹೊತ್ತಿಗೆ ಬಿಂದಿಗೆ ಸಾಲು ಹಚ್ಚುವ ಹೆಂಗಸು ಕೇಳಿಸಿಕೊಳ್ಳುತ್ತಾಳೆ, ಅವಳ ಬಳಿ ಬಿಡಲು ಏನೂ ಉಳಿದಿಲ್ಲದಿದ್ದರೂ. ಬಾಣಂತಿಗೆ ಹಂಡೆಗಟ್ಟಲೆ ಬಿಸಿನೀರು ಹುಯ್ಯುವ ಅಜ್ಜಿ ಕೇಳಿಸಿಕೊಂಡು ಕೈ ಹಿಂದೆಗೆಯುತ್ತಾಳೆ. ನೀರು ತುಂಬುವ ಹಬ್ಬದ ಮರುದಿನ ಮೈತುಂಬ ಎಣ್ಣೆ ಹಚ್ಚಿ ಮೀಯುವುದನ್ನು ನಾವು ಅಪರಾಧವೆಂದು ಮಕ್ಕಳಿಗೆ ಕಲಿಸಬೇಕೇ?

ಸೋರುವ ಕೊಳವೆಗಳನ್ನು ಬದಲಿಸಲಿ. ಅಪಾರ್ಟ್‌ಮೆಂಟಿನ ಪ್ರತಿ ಫ್ಲಾಟಿಗೂ ಬೇರೆ ಮೀಟರ್ ಕೂರಲಿ, ಈಜುಕೊಳದ ನೀರಿಗೆ ಅದರ ನಿಜವಾದ ಬೆಲೆ ಬೀಳಲಿ. ಅಷ್ಟಾದ ಮೇಲೂ ಬೇಸಿಗೆಯಲ್ಲಿ ನೀರು ಸಾಲದೆ ಹೋದರೆ ನನ್ನ ಮನೆಯ ಶವರನ್ನು ನಾನೇ ಬಿಚ್ಚಿಡುತ್ತೇನೆ.