ಹಡಗಲ್ಲಿ ಜೈನ್ ಊಟಕ್ಕೆ ತವಾನೇ ಬೇರೆ, ಗ್ಲುಟನ್ ಫ್ರೀ ಊಟಕ್ಕೆ ಯಾಕಿಲ್ಲ?

ಮಳೆ ನಿಂತು ಮುಂಬೈ–ಗೋವಾ ಹಡಗಿನ ಸೀಸನ್ ಶುರು ಆಗ್ತಿದ್ದ ಹಾಗೆ ಡೊಂಬಿವಲಿ, ಮುಲುಂಡ್, ಮಾಟುಂಗಾ ಕಡೆಯ ನಮ್ಮ ಕನ್ನಡದೋರ ವಾಟ್ಸಾಪ್ ಗ್ರೂಪುಗಳಲ್ಲಿ ಕ್ರೂಸ್ ಪ್ಯಾಕೇಜ್‌ಗಳ ಫೋಟೋ ಓಡಾಡೋಕೆ ಶುರುವಾಗುತ್ತೆ. ಅದರ ಜೊತೆಗೇ ನಂಗೊಂದು ಪ್ರಶ್ನೆ ಬರುತ್ತೆ, "ಅಕ್ಕಾ, ನಿಮ್ಮ ಮಗಳಿಗೆ ಸೀಲಿಯಾಕ್ ಇದೆಯಲ್ಲ, ಹಡಗಲ್ಲಿ ಅವಳ ಊಟಕ್ಕೆ ಏನ್ ಮಾಡ್ತೀರಿ, ನಮ್ಮ ಹುಡುಗನಿಗೂ ಈಗ ಡಾಕ್ಟ್ರು ಅದೇ ಅಂದಿದಾರೆ" ಅಂತ. ಒಬ್ಬೊಬ್ಬರಿಗೆ ವಾಯ್ಸ್ ಮೆಸೇಜ್ ಕಳಿಸೋದಕ್ಕಿಂತ ಇಲ್ಲೇ ಬರೆದುಬಿಡ್ತೀನಿ, ಉದ್ದ ಆಗುತ್ತೆ, ಪುರುಸೊತ್ತಾದಾಗ ಓದಿ.

ಮೊದಲೇ ಹೇಳಿಬಿಡ್ತೀನಿ, ಹೋಗಬಹುದು. ಮಕ್ಕಳನ್ನ ಸಮುದ್ರ ತೋರಿಸದೆ ಮನೇಲಿ ಕೂರಿಸ್ಕೋಬೇಡಿ. ಆದ್ರೆ ಟಿಕೆಟ್ ಮಾರೋರು "ಗ್ಲುಟನ್ ಫ್ರೀ ಎಲ್ಲಾ ಸಿಗುತ್ತೆ ಮೇಡಂ" ಅಂದ ತಕ್ಷಣ ದುಡ್ಡು ಕಟ್ಟಬೇಡಿ. ಯಾವ ತವ, ಯಾವ ಎಣ್ಣೆ, ಯಾವ ಹಿಂಗು ಅನ್ನೋ ಮೂರಕ್ಕೆ ಉತ್ತರ ಸಿಗೋವರೆಗೂ ಆ ಮಾತಿಗೆ ಬೆಲೆ ಇಲ್ಲ.

ಸೀಲಿಯಾಕ್ ಅಂದ್ರೆ ಗೊತ್ತಿಲ್ಲದೋರಿಗೆ ಚಿಕ್ಕದಾಗಿ ಹೇಳ್ತೀನಿ. ಗೋಧಿ, ಬಾರ್ಲಿ, ರೈ (ಸಾಸಿವೆ ಅಲ್ಲ, ಗೋಧಿ ತರಹದ್ದೇ ಒಂದು ಧಾನ್ಯ) ಈ ಧಾನ್ಯಗಳಲ್ಲಿರೋ ಗ್ಲುಟನ್ ಅನ್ನೋ ಪ್ರೋಟೀನ್ ಹೊಟ್ಟೆಗೆ ಹೋದ್ರೆ ದೇಹದ ರೋಗನಿರೋಧಕ ಶಕ್ತಿ ತಿರುಗಿ ತನ್ನ ಸಣ್ಣ ಕರುಳಿನ ಮೇಲೇ ಬೀಳುತ್ತೆ, ಆಹಾರ ಹೀರ್ಕೊಳ್ಳೋ ಕರುಳಿನ ಒಳಪದರ ಸವೆದು ಹೋಗುತ್ತೆ, ಮಕ್ಕಳು ಬೆಳೆಯಲ್ಲ, ರಕ್ತ ಕಮ್ಮಿ ಆಗುತ್ತೆ, ಮೂಳೆ ಸೊರಗುತ್ತೆ. ಇದಕ್ಕೆ ಮಾತ್ರೆ ಇಲ್ಲ, ಜೀವನಪೂರ್ತಿ ಗ್ಲುಟನ್ ಬಿಡೋದೊಂದೇ ದಾರಿ. ಉತ್ತರ ಭಾರತದಲ್ಲಿ ಸುಮಾರು ನೂರು ಜನಕ್ಕೆ ಒಬ್ಬರಿಗೆ ಇದು ಇದೆ, ದಕ್ಷಿಣದಲ್ಲಿ ಅದಕ್ಕಿಂತ ತುಂಬಾ ಕಮ್ಮಿ, ಅದಕ್ಕೇ ನಮ್ಮೂರ ಕಡೆಯ ನೆಂಟರಿಗೆ ಈ ಹೆಸರೇ ಹೊಸದು. ಊರಿಗೆ ಹೋದಾಗೆಲ್ಲ "ಒಂದು ತುಂಡು ಚಪಾತಿ ತಿಂದ್ರೆ ಏನೂ ಆಗಲ್ಲ ಬಿಡೇ" ಅಂತಾರೆ. ಆಗುತ್ತೆ. ದಿನಕ್ಕೆ 50 ಮಿಲಿಗ್ರಾಂ ಗ್ಲುಟನ್ ಕೆಲವು ತಿಂಗಳು ಹೊಟ್ಟೆಗೆ ಹೋದ್ರೆ ಸಾಕು ಕರುಳು ಕೆಡೋಕೆ, ಒಂದು ಹೋಳು ಬ್ರೆಡ್ಡಲ್ಲಿ ಅದರ ಎಷ್ಟೋ ಪಟ್ಟು ಇರುತ್ತೆ. ಹೊಟ್ಟೆ ನೋವು ಬರ್ಲಿಲ್ಲ ಅಂದ್ರೂ ಒಳಗೆ ಪೆಟ್ಟು ಬಿದ್ದಿರಬಹುದು.

ಈಗ ಹಡಗಿನ ವಿಷಯಕ್ಕೆ ಬರ್ತೀನಿ. ಮುಂಬೈಯಿಂದ ಹೊರಡೋ ಹಡಗಲ್ಲಿ ಜೈನ್ ಊಟ ಅಂತ ಹೇಳಿದ್ರೆ ಯಾಕೆ ಅಂತ ಯಾರೂ ಕೇಳಲ್ಲ. ಈರುಳ್ಳಿ ಬೆಳ್ಳುಳ್ಳಿ ಗೆಡ್ಡೆ ತಾಗದ ಹಾಗೆ ಪಾತ್ರೆ ಬೇರೆ, ಸೌಟು ಬೇರೆ, ತವ ಬೇರೆ, ಬಡಿಸೋ ಜಾಗನೂ ಬೇರೆ. ಇದನ್ನ ನಾನು ಮೆಚ್ಕೊಂಡೇ ಹೇಳ್ತಿದೀನಿ, ಒಬ್ಬರ ನಂಬಿಕೆಗೆ ಅಷ್ಟು ಮರ್ಯಾದೆ ಕೊಡೋದು ಒಳ್ಳೇದೇ. ನಮ್ಮ ಅಜ್ಜಿ ಮಡೀಲಿದ್ದಾಗ ಅಡುಗೆಮನೆ ಹೊಸಿಲು ದಾಟೋಕೆ ನಮಗೆ ಹೇಗೆ ಧೈರ್ಯ ಬರ್ತಿರಲಿಲ್ವೋ ಅಷ್ಟೇ ಕಟ್ಟುನಿಟ್ಟಾಗಿ ಅಲ್ಲಿ ನಡೆಸ್ತಾರೆ. ಅಂದ್ರೆ ಮುಟ್ಟಬಾರದು, ಬೆರೆಸಬಾರದು ಅನ್ನೋದು ನಮ್ಮ ದೇಶದ ಅಡುಗೆಯವರಿಗೆ ಕಲಿಸಬೇಕಾದ ವಿಷಯ ಅಲ್ವೇ ಅಲ್ಲ, ರಕ್ತದಲ್ಲೇ ಇದೆ. ಹಾಗಿದ್ದಮೇಲೆ ಕಾಯಿಲೆ ಇರೋ ಮಗುಗೆ ಒಂದು ತವ ಬೇರೆ ಇಡಿ ಅಂದ್ರೆ "ಮೇಡಂ, ತವ ಒರೆಸಿ ಹಾಕ್ತೀವಿ" ಅಂತಾರಲ್ಲ, ನಂಗೆ ಹೊಟ್ಟೆ ಉರಿಯುತ್ತೆ. ಒರೆಸಿದ್ರೆ ಹೋಗಲ್ಲ. ಬಿಸಿ ಮಾಡಿದ್ರೂ ಹೋಗಲ್ಲ, ಗ್ಲುಟನ್ ಏನು ಕ್ರಿಮಿ ಅಲ್ಲ ಕಾದು ಸಾಯೋಕೆ.

ಹಾಗಂತ ಜೈನ್ ಊಟನೇ ತಗೊಂಡ್ರೆ ಆಯ್ತಲ್ಲ ಅಂತ ತುಂಬಾ ಜನ ಕೇಳ್ತಾರೆ. ಆಗಲ್ಲ, ಯಾಕಂದ್ರೆ ಅಲ್ಲಿ ಚಪಾತಿ ಪೂರಿ ಎಲ್ಲ ಇದ್ದೇ ಇರುತ್ತೆ, ಅದಕ್ಕಿಂತ ದೊಡ್ಡ ತೊಂದರೆ ಹಿಂಗು. ಈರುಳ್ಳಿ ಬೆಳ್ಳುಳ್ಳಿ ಇಲ್ಲದ ಅಡುಗೆಗೆ ರುಚಿ ಬರೋದೇ ಹಿಂಗಿನಿಂದ, ಹಾಗಾಗಿ ಜೈನ್ ಅಡುಗೇಲಿ ಎಲ್ಲದಕ್ಕೂ ಹಿಂಗು ಬೀಳುತ್ತೆ. ನಾವು ಡಬ್ಬೀಲಿ ತರೋ ಪುಡಿ ಹಿಂಗು ಬರೀ ಹಿಂಗಲ್ಲ, ಅಸಲಿ ಹಿಂಗು ತುಂಬಾ ಘಾಟು ಅಂತ ಅದಕ್ಕೆ ಗೋಂದು ಮತ್ತೆ ಹಿಟ್ಟು ಬೆರೆಸ್ತಾರೆ, ಆ ಹಿಟ್ಟು ಎಷ್ಟೋ ಬ್ರ್ಯಾಂಡುಗಳಲ್ಲಿ ಗೋಧಿ ಅಥವಾ ಮೈದಾ. ಅಕ್ಕಿಹಿಟ್ಟು ಹಾಕಿದ್ದೂ ಸಿಗುತ್ತೆ, ಡಬ್ಬಿ ಹಿಂದೆ ಓದಿದ್ರೆ ಗೊತ್ತಾಗುತ್ತೆ. ನಮ್ಮ ದಕ್ಷಿಣದ ಊಟದ ಮೋಸನೂ ಇಲ್ಲೇ ಇರೋದು, ಇಡ್ಲಿ ಅಕ್ಕಿ ಉದ್ದಿಂದು, ಅನ್ನ ಅನ್ನವೇ, ಅದರ ಮೇಲೆ ಸುರಿಯೋ ಸಾಂಬಾರು ರಸಂ ಒಗ್ಗರಣೆ ಚಟ್ನಿ ಎಲ್ಲದರಲ್ಲೂ ಆ ಚಿಟಿಕೆ ಹಿಂಗು. ಇಡ್ಲಿ ಸಾಂಬಾರು ಸೇಫ್ ಅಂತ ಕಣ್ಮುಚ್ಚಿ ಹೇಳೋರ ಮಾತು ನಾನು ಕೇಳಲ್ಲ, ಅಡುಗೆಮನೆಯ ಹಿಂಗಿನ ಡಬ್ಬಿ ಫೋಟೋ ಕೇಳ್ತೀನಿ. ತೋರಿಸಿದೋರೂ ಇದಾರೆ, ಮುಖ ಸಿಂಡರಿಸಿದೋರೂ ಇದಾರೆ.

ಒಂದು ಹಡಗಲ್ಲಿ ಬೆಳಗ್ಗೆ ತಿಂಡಿಗೆ ಗ್ಲುಟನ್ ಫ್ರೀ ಏನಿದೆ ಅಂದ್ರೆ ಆ ಹುಡುಗ ತುಂಬಾ ಪ್ರೀತಿಯಿಂದ ರವೆ ಇಡ್ಲಿ ತಂದ್ಕೊಟ್ಟ. ಮೈದಾ ಹಾಕಿಲ್ಲ ಮೇಡಂ ಅಂತ. ಅವನ ತಪ್ಪಲ್ಲ, ರವೆ ಗೋಧಿಯಿಂದ ಬರುತ್ತೆ ಅಂತ ಅವನಿಗೆ ಯಾರೂ ಹೇಳ್ಕೊಟ್ಟಿರಲಿಲ್ಲ, ತಪ್ಪು ಹೇಳ್ಕೊಡದ ಕಂಪನಿಯದ್ದು. ಅದೇ ಹಡಗಲ್ಲಿ ಆಮೇಲೆ ಬಂದ ಗೋವಾದ ಒಬ್ಬ ಹಿರಿಯ ಶೆಫ್ ಎರಡು ನಿಮಿಷ ನಿಂತು ಕೇಳಿಸ್ಕೊಂಡು, "ಉಪವಾಸದ ಅಡುಗೆ ತರಹ ಬೇರೆ ಮಾಡ್ಬೇಕು, ಅಷ್ಟೇ ತಾನೆ" ಅಂದ್ರು. ಅವತ್ತಿಂದ ಮಗಳ ತಟ್ಟೆ ಫಾಯಿಲ್ ಮುಚ್ಚಿ, ಮೇಲೆ ನಮ್ಮ ರೂಮ್ ನಂಬರ್ ಬರೆದು ಬರ್ತಿತ್ತು, ಹೊಸದಾಗಿ ತೊಳೆದ ಬಾಣಲೆ, ಒಂದು ಅನ್ನ, ಒಂದು ಬೇಳೆ ಬರೀ ಜೀರಿಗೆ ಒಗ್ಗರಣೆದು, ಒಂದು ಪಲ್ಯ. ಐಷಾರಾಮಿ ಏನೂ ಇರಲಿಲ್ಲ, ಆದ್ರೆ ಅವಳು ಭಯ ಇಲ್ಲದೆ ತಿಂದ್ಲು, ಅದನ್ನ ನೋಡಿ ನಂಗೆ ಕಣ್ಣು ತುಂಬಿ ಬಂತು.

ಬಫೆ ಬಗ್ಗೆ ನಂದು ಗಟ್ಟಿ ಅಭಿಪ್ರಾಯ, ಸೀಲಿಯಾಕ್ ಇರೋರು ಅಲ್ಲಿಂದ ಹಣ್ಣು ಬಿಟ್ಟು ಬೇರೇನೂ ತಗೋಬೇಡಿ, ಹಣ್ಣೂ ಸಿಪ್ಪೆ ಇರೋದಾದ್ರೆ ಒಳ್ಳೇದು. ಅಲ್ಲಿ ಅಡುಗೆ ಸರಿ ಇದ್ರೂ ಬಡಿಸ್ಕೊಳ್ಳೋ ಕೈಗಳು ಸರಿ ಇರಲ್ಲ, ಪಾಸ್ತಾದ ಚಮಚ ಸಲಾಡಿಗೆ ಬೀಳುತ್ತೆ, ಬೆಣ್ಣೆ ಮೇಲೆ ಬ್ರೆಡ್ ಪುಡಿ, ರವೆ ದೋಸೆ ಹುಯ್ದ ತವದಲ್ಲೇ ಸಾದಾ ದೋಸೆ, ಬ್ರೆಡ್ ಪಕೋಡ ಕರಿದ ಎಣ್ಣೇಲೇ ಫ್ರೆಂಚ್ ಫ್ರೈಸು ಸಾಬೂದಾನ ವಡೆ ಎಲ್ಲ, ಐಸ್‌ಕ್ರೀಮ್ ತೆಗೆಯೋ ಸ್ಕೂಪ್ ಕೋನ್‌ಗೆ ತಾಗಿರುತ್ತೆ, ಚೈನೀಸ್ ಕೌಂಟರಿನ ಸೋಯಾ ಸಾಸಲ್ಲಿ ಗೋಧಿ ಇರುತ್ತೆ, ಬಿಳಿ ಸಾಸು ಸೂಪು ಗಟ್ಟಿ ಆಗೋದು ಮೈದಾದಿಂದ, ದಮ್ ಬಿರಿಯಾನಿ ಹಂಡೆ ಮುಚ್ಚಳಕ್ಕೆ ಮೆತ್ತೋದೂ ಕಣಕದ ಹಿಟ್ಟೇ. ಇನ್ನೊಂದು ಯಾರೂ ಹೇಳದ ವಿಷಯ, ಬಫೆ ಬಾಗಿಲಲ್ಲಿ ಕೈಗೆ ಸ್ಯಾನಿಟೈಜರ್ ಹಾಕ್ತಾರಲ್ಲ, ಅದು ಕ್ರಿಮಿ ಕೊಲ್ಲುತ್ತೆ, ಕೈಗೆ ಅಂಟಿರೋ ಹಿಟ್ಟನ್ನ ತೆಗೆಯಲ್ಲ. ಸೋಪು ನೀರಲ್ಲಿ ತೊಳೀಬೇಕು, ಮಗುದೂ ನಮ್ದೂ.

ಬಫೆ ಬಿಟ್ಟು ಕೂತು ಆರ್ಡರ್ ಮಾಡೋ ಡೈನಿಂಗ್ ರೂಮಿಗೆ ಹೋಗಿ. ಹತ್ತಿದ ದಿನವೇ ಅಲ್ಲಿನ ಹೆಡ್ ವೇಟರ್ ಯಾರು ಅಂತ ಹುಡುಕಿ ಮಾತಾಡಿ, ಪ್ರತಿ ರಾತ್ರಿ ಮಾರನೇ ದಿನದ ಮೆನು ತರಿಸ್ಕೊಂಡು ಮೊದಲೇ ಆರಿಸಿಕೊಟ್ಟುಬಿಡಿ. ವಿದೇಶಿ ದೊಡ್ಡ ಹಡಗುಗಳಲ್ಲಿ ಇದು ಮಾಮೂಲಿ ಪದ್ಧತಿ, ಬುಕ್ ಮಾಡುವಾಗಲೇ ವಿಶೇಷ ಆಹಾರದ ಫಾರ್ಮ್ ತುಂಬಿಸ್ಕೊಳ್ತಾರೆ. ಇಲ್ಲಿಂದ ಹೊರಡೋ ಹಡಗಿಗೆ ನೀವೇ ಬೆನ್ನು ಹತ್ತಬೇಕು. ಏಜೆಂಟಿಗೆ ಹೇಳಿದ್ದು ಅಡುಗೆಮನೆಗೆ ತಲುಪುತ್ತೆ ಅಂತ ಅಂದ್ಕೋಬೇಡಿ, ಕಂಪನಿಗೇ ಮೇಲ್ ಹಾಕಿ, ಉತ್ತರ ಬರಹದಲ್ಲೇ ತಗೊಂಡು ಪ್ರಿಂಟ್ ಮಾಡಿ ಇಟ್ಕೊಳ್ಳಿ. ಕೆಲವು ವಾರ ಮುಂಚೆನೇ ಹಾಕಿ, ಯಾಕೆ ಅಂದ್ರೆ ಹಡಗು ಬಂದರಲ್ಲಿ ಏನು ತುಂಬಿಸ್ಕೊಂಡು ಹೊರಡುತ್ತೋ ಅಷ್ಟೇ, ನಡುಸಮುದ್ರದಲ್ಲಿ ಗ್ಲುಟನ್ ಇಲ್ಲದ ಬ್ರೆಡ್ ಬೇಕು ಅಂದ್ರೆ ಎಲ್ಲಿಂದ ತರ್ತಾರೆ.

ಮುಂಬೈ ಬಂದರಿನ ಬ್ಯಾಲಾರ್ಡ್ ಪಿಯರ್‌ನಲ್ಲಿ ಹಡಗು ಹತ್ತೋ ದಿನ ಎಲ್ಲಕ್ಕಿಂತ ಕಷ್ಟದ ದಿನ. ಕ್ಯೂ, ಸೆಕ್ಯುರಿಟಿ, ಹಸಿವು, ಒಳಗೆ ಹೋದ ತಕ್ಷಣ ಇರೋದು ಬಫೆ ಮಾತ್ರ, ಶೆಫ್‌ಗೆ ನಿಮ್ಮ ವಿಷಯ ಇನ್ನೂ ಗೊತ್ತಿರಲ್ಲ. ಮನೆ ಅಡುಗೆ ಒಳಗೆ ತರೋಕೆ ತುಂಬಾ ಹಡಗುಗಳು ಬಿಡಲ್ಲ, ಸೀಲ್ ಆಗಿರೋ ಪ್ಯಾಕೆಟ್ ಆದ್ರೆ ಎಷ್ಟೋ ಕಡೆ ಬಿಡ್ತಾರೆ, ಕೆಟಲ್ ಇಂಡಕ್ಷನ್ ಒಲೆ ತಗೊಂಡು ಹೋದ್ರೆ ಬೆಂಕಿ ಭಯಕ್ಕೆ ತೆಗೆದಿಟ್ಕೊಳ್ತಾರೆ. ಹಾಗಾಗಿ ಹೊರಡೋ ಮುಂಚೆ ಮಗಳಿಗೆ ಹೊಟ್ಟೆತುಂಬ ನೀರುದೋಸೆ ತಿನ್ನಿಸಿ ಕರ್ಕೊಂಡು ಹೋಗ್ತೀನಿ, ಬ್ಯಾಗಲ್ಲಿ ಸೀಲ್ ಆಗಿರೋ ಪ್ಯಾಕೆಟ್‌ಗಳು. ಇಲ್ಲೂ ಒಂದು ಎಚ್ಚರಿಕೆ, ಜೋಳ ರಾಗಿ ಅಕ್ಕಿಯಲ್ಲಿ ಗ್ಲುಟನ್ ಇಲ್ಲ ನಿಜ, ಆದ್ರೆ ಗೋಧಿ ಬೀಸಿದ ಗಿರಣೀಲೇ ಜೋಳನೂ ಬೀಸಿದ್ರೆ ಆ ಹಿಟ್ಟು ಸೇಫ್ ಅಲ್ಲ. ಗ್ಲುಟನ್ ಫ್ರೀ ಅಂತ ಲೇಬಲ್ ಹಾಕ್ಬೇಕಂದ್ರೆ ಎಫ್‌ಎಸ್‌ಎಸ್‌ಎಐ (ನಮ್ಮ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ) ನಿಯಮದಲ್ಲಿ ಗ್ಲುಟನ್ ಕಿಲೋಗೆ 20 ಮಿಲಿಗ್ರಾಂ ಮೀರಬಾರದು, ಆ ಲೇಬಲ್ ಇರೋದನ್ನೇ ತಗೊಳ್ಳಿ, ಬರೀ "ನಾಚಣಿ (ಅಂದ್ರೆ ರಾಗಿ) ಬಿಸ್ಕೆಟ್" ಅಂತ ದೊಡ್ಡದಾಗಿ ಬರೆದಿರೋದರ ಹಿಂದೆ ಎಷ್ಟೋ ಸಲ ಮೈದಾ ಇರುತ್ತೆ.

ಡಾಕ್ಟರ್ ಪತ್ರ ಖಂಡಿತ ಇಟ್ಕೊಳ್ಳಿ. ಹಡಗಲ್ಲಿ ಯಾರಿಗಾದ್ರೂ ವಾಂತಿ ಭೇದಿ ಆದ್ರೆ ಬೇಗ ಹರಡೋ ನೊರೋವೈರಸ್ ಅನ್ನೋ ಹೊಟ್ಟೆ ಸೋಂಕು ಇರಬಹುದು ಅಂತ ರೂಮಲ್ಲೇ ಇರಿಸೋ ಪದ್ಧತಿ ಇದೆ, ಅದು ಎಲ್ಲರ ಒಳ್ಳೇದಕ್ಕೇ. ಆದ್ರೆ ಗ್ಲುಟನ್ ತಗಲಿ ಒದ್ದಾಡ್ತಿರೋ ಮಗುಗೆ ಏನಾಗಿದೆ ಅಂತ ಹಡಗಿನ ಡಾಕ್ಟರ್‌ಗೆ ಬೇಗ ಗೊತ್ತಾಗ್ಬೇಕಂದ್ರೆ ಕೈಯಲ್ಲಿ ಕಾಗದ ಇರಬೇಕು.

ಗೋವಾದಲ್ಲಿ ಇಳಿದ ಮೇಲೆ ನಂಗೆ ಅರ್ಧ ಉಸಿರು ಬರುತ್ತೆ. ಮೊರ್ಮುಗಾವ್ ಬಂದರು ಪಕ್ಕದ ವಾಸ್ಕೋದಲ್ಲಿ ಕನ್ನಡದೋರು ಎಷ್ಟೊಂದು ಜನ ಇದಾರೆ, ಹೋಟೆಲ್ಲಲ್ಲಿ ಕನ್ನಡದಲ್ಲೇ ವಿಚಾರಿಸಿದ್ರೆ ಒಳಗಿಂದ ಯಾರಾದ್ರೂ ಬಂದು ಮಾತಾಡೋ ಸಾಧ್ಯತೆ ಇದೆ. ಗೋವಾದ ಊಟನೂ ಮೂಲದಲ್ಲಿ ಅಕ್ಕಿ ತೆಂಗು ಮೀನಿಂದು. ಮೀನು ಸಾರು ಅನ್ನ, ಇಡ್ಲಿ ತರಹದ ಸಾನ್ನಾಂ, ಕೋಕಂ ತೆಂಗಿನಹಾಲಿನ ಸೋಲ್‌ಕಡಿ, ಅಕ್ಕಿಹಿಟ್ಟು ಬೆಲ್ಲ ತೆಂಗಿನಹಾಲಿನ ದೋದೋಲ್, ಅರಿಶಿನ ಎಲೇಲಿ ಬೇಯಿಸೋ ಪಾತೋಳಿ, ಇವೆಲ್ಲ ನಮ್ಮ ಕರಾವಳಿ ಅಡುಗೇನೇ. ಮೀನು ಫ್ರೈ ಮಾತ್ರ ಕೇಳಿ ತಗೊಳ್ಳಿ, ಅಲ್ಲಿ ರವೆಯಲ್ಲಿ ಹೊರಳಿಸಿ ಕರಿಯೋದೇ ರೂಢಿ, ರವೆ ಬೇಡ ಅಂದ್ರೂ ಬಾಣಲೆ ಅದೇ ಇರುತ್ತೆ. ಪೊಯಿ ಬ್ರೆಡ್ ಗೋಧಿ, ಬೆಬಿಂಕಾ ಅನ್ನೋ ಪದರ ಪದರದ ಸಿಹಿಯಲ್ಲಿ ಮೈದಾ, ದೊಡ್ಡೋರಿಗೆ ಬಿಯರ್ ಬೇಡ ಅದು ಬಾರ್ಲಿಯದ್ದು.

ಹಡಗಿನ ಕಂಪನಿಗಳಿಗೆ ನಾನು ಕೇಳೋದು ತುಂಬಾ ದೊಡ್ಡದಲ್ಲ. ಒಂದು ತವ, ಒಂದು ಬಾಣಲೆ, ಒಂದು ಟೋಸ್ಟರ್, ಬೇರೆ ಬಣ್ಣದ ಒಂದು ಕತ್ತರಿಸೋ ಹಲಗೆ, ಇಡೀ ಅಡುಗೆಮನೆಗೆ ಅಕ್ಕಿಹಿಟ್ಟಿನ ಹಿಂಗು, ಮತ್ತೆ ಯಾವ ಪದಾರ್ಥದಲ್ಲಿ ಏನಿದೆ ಅಂತ ಗೋಡೆ ಮೇಲೊಂದು ಚಾರ್ಟ್. ಪ್ಯಾಕೆಟ್ ತಿಂಡಿ ಮೇಲೆ ಗ್ಲುಟನ್ ಇರೋ ಧಾನ್ಯ ಇದ್ರೆ ಬರೀಲೇಬೇಕು ಅಂತ 2020ರ ಲೇಬಲ್ ನಿಯಮ ಹೇಳುತ್ತೆ, ಅದೇ ಮಾಹಿತಿನ ತಟ್ಟೆಗೆ ಬಡಿಸುವಾಗ ಹೇಳೋಕೇನು ಕಷ್ಟ. ಅಷ್ಟು ದುಡ್ಡು ಕೊಟ್ಟು ಬರೋ ಕುಟುಂಬಕ್ಕೆ ಅಡುಗೆಯವರ ಒಳ್ಳೇತನದ ಮೇಲೆ ಬದುಕಿ ಅನ್ನೋದು ಸರಿಯಲ್ಲ. ಆ ಗೋವಾದ ಶೆಫ್ ಅವತ್ತು ರಜೆ ಮೇಲಿದ್ದಿದ್ರೆ ನನ್ನ ಮಗಳು ಪೂರ್ತಿ ಟ್ರಿಪ್ ಬಾಳೆಹಣ್ಣು ತಿಂದು ಕಳೀಬೇಕಿತ್ತು. ಮತ್ತೆ ತೂಕ ಇಳಿಸೋಕೆ ಫ್ಯಾಶನ್ನಿಗೆ ಗ್ಲುಟನ್ ಬಿಟ್ಟಿರೋರಿಗೂ ಒಂದು ಮಾತು, ದಯವಿಟ್ಟು ಊಟಕ್ಕೆ ಗ್ಲುಟನ್ ಫ್ರೀ ಅಂತ ಗಲಾಟೆ ಮಾಡಿ ಆಮೇಲೆ ಅವರೆದುರೇ ಕೇಕ್ ತಿನ್ನಬೇಡಿ, ನಿಮ್ಮನ್ನ ನೋಡಿದ ವೇಟರ್ ನಮ್ಮ ಮಕ್ಕಳ ಮಾತನ್ನೂ ಹಗುರವಾಗಿ ತಗೊಳ್ತಾನೆ.

ಈ ಡಿಸೆಂಬರ್‌ಗೆ ನಮ್ಮೆಜಮಾನ್ರು ಮತ್ತೆ ಹೋಗೋಣ ಅಂತಿದಾರೆ, ಮಗಳಿಗಂತೂ ಆಗಲೇ ಕುಣಿತ. ಕಂಪನಿಗೆ ಮೇಲ್ ಹಾಕಿದೀನಿ, ತವ ಬೇರೆ ಇಡ್ತೀವಿ, ಎಣ್ಣೆ ಬೇರೆ ಇಡ್ತೀವಿ ಅಂತ ಉತ್ತರ ಬಂದಿದೆ. ಹಿಂಗಿನ ಪ್ರಶ್ನೆಗೆ ಇನ್ನೂ ಉತ್ತರ ಇಲ್ಲ, ಸೋಮವಾರ ಮತ್ತೆ ಕೇಳ್ತೀನಿ, ಅದು ಬಂದ ಮೇಲೇನೇ ಟಿಕೆಟ್.