ಟೇಪಿನ ಆ ತುದಿ ಎಲ್ಲಿ?

ಜೌಗು ಉಳಿಸೋಕೆ ಸ್ಥಳೀಯ ನಿಯಮ ಬರೀಬೇಕು ಅಂತ ನಾಲ್ಕು ಜನ ಕೂತರೆ ಸಾಕು, ಜಗಳ ಹತ್ತೋದು ಒಂದೇ ಪ್ರಶ್ನೆಗೆ. ಹೂಳು, ಗೊಬ್ಬರ ಹರಿದು ಜೌಗಿಗೆ ಸೇರದ ಹಾಗೆ ಸುತ್ತ ಎಷ್ಟು ಮೀಟರ್ ಹಸಿರು ಪಟ್ಟಿ ಬಿಡಬೇಕು? ಒಬ್ಬರು 15 ಅಂತಾರೆ, ಇನ್ನೊಬ್ಬರು 100. ಚೌಕಾಸಿ ನಡೆದು ಕೊನೆಗೆ 30ಕ್ಕೆ ಕುದುರುತ್ತೆ. ಎಲ್ಲರೂ ಏನೋ ಗೆದ್ದವರ ಹಾಗೆ ಎದ್ದು ಹೋಗ್ತಾರೆ. ಆ 30 ಮೀಟರನ್ನ ಎಲ್ಲಿಂದ ಅಳೀಬೇಕು ಅಂತ ಮಾತ್ರ ಯಾರೂ ಬರೆದಿರಲ್ಲ. ಆಮೇಲೆ ಟೇಪಿನ ಮೊದಲ ತುದಿ ಯಾರ ಕೈಲಿರುತ್ತೋ ನಿಯಮ ಅವರದ್ದೇ.

ನೀರಿನ ಅಂಚಿಂದ ಅಳೆದ್ರಾಯ್ತು ಅಂತೀರಾ? ಮಳೆ ಮುಗಿದ ಮೇಲೆ ಸರ್ವೆಗೆ ಬಂದರೆ ಅಂಚು ಒಂದು ಕಡೆ ಇರುತ್ತೆ, ಕಡುಬೇಸಿಗೆಯಲ್ಲಿ ಬಂದರೆ ಎಲ್ಲೋ ಒಳಗೆ ಸರಿದಿರುತ್ತೆ. ಕೆಲವು ಜೌಗುಗಳಲ್ಲಂತೂ ವರ್ಷದ ಬಹುಪಾಲು ನೀರೇ ಕಾಣಲ್ಲ. ಇನ್ನು ಕೆಲವರು ಜೌಗು ಉಳಿಸೋಕೆ ದೇಶದೇಶಗಳು ಮಾಡಿಕೊಂಡ 1971ರ ರಾಮ್ಸರ್ ಒಪ್ಪಂದದಲ್ಲಿನ ಜೌಗಿನ ವ್ಯಾಖ್ಯೆಯನ್ನ ಎತ್ತಿ ನಿಯಮದ ಕರಡು ಪ್ರತಿಗೆ ಅಂಟಿಸಿಬಿಡ್ತಾರೆ. ಅದು ಒಳ್ಳೆಯ ವ್ಯಾಖ್ಯೆ, ಬಹಳ ವಿಶಾಲ. ಇಳಿತದ ಹೊತ್ತಿಗೆ 6 ಮೀಟರ್ ಆಳ ಮೀರದ ಸಮುದ್ರದ ನೀರೂ ಅದರೊಳಗೆ ಬರುತ್ತೆ. ಆದರೆ ಗೂಟ ಎಲ್ಲಿ ಹೊಡೀಬೇಕು ಅಂತ ಅದು ಹೇಳಲ್ಲ, ಹೇಳೋದು ಅದರ ಕೆಲಸವೂ ಅಲ್ಲ.

ಅದನ್ನ ಹೇಳೋದು ಮಣ್ಣು. ಒಣಗಿದ ಕಾಲದಲ್ಲೇ ಹೋಗಿ ಒಂದಡಿ ಅಗೆದು, ಒಂದು ಹೆಂಟೆ ಮುರಿದು ಅಂಗೈಲಿಟ್ಟು ನೋಡಿ. ಬೂದು ಬಣ್ಣ, ನಡುನಡುವೆ ಬೇರಿನ ಜಾಡು ಹಿಡಿದು ಓಡಿದ ತುಕ್ಕಿನ ಗೆರೆಗಳು. ನೀರು ನಿಂತು ಗಾಳಿಯಾಡದೆ ಇದ್ದಾಗ ಮಣ್ಣಲ್ಲಿರೋ ಕಬ್ಬಿಣ ಕರಗಿ ಸರಿದು ಹೋಗುತ್ತೆ, ಮಣ್ಣು ಬೂದಾಗುತ್ತೆ. ಬೇರಿನ ಪಕ್ಕ ಚೂರು ಗಾಳಿ ಸಿಕ್ಕಲ್ಲಿ ಅದೇ ಕಬ್ಬಿಣ ತುಕ್ಕು ಹಿಡಿಯುತ್ತೆ. ನೀರು ಇಳಿದು ತಿಂಗಳುಗಳೇ ಆದರೂ ಈ ಗುರುತು ಅಳಿಯಲ್ಲ. ಹಾಗಾಗಿ ಮಣ್ಣು, ಗಿಡ, ನೀರಿನ ಗುರುತು ಮೂರನ್ನೂ ನೋಡಿ, ಅದೇ ಜಾಗಕ್ಕೆ ಹೋಗಿ ಅಂಚು ನಿರ್ಧರಿಸಬೇಕು, ಅಳತೆ ಅಲ್ಲಿಂದ ಹೊರಕ್ಕೆ ಶುರುವಾಗಬೇಕು. ಇಷ್ಟು ಬರೆಯೋಕೆ ಎರಡು ಸಾಲು ಸಾಕು, ಆ ಎರಡು ಸಾಲಿಗಾಗಿ ನಾನು ಹತ್ತು ಮೀಟರ್ ಬಿಟ್ಟುಕೊಡೋಕೂ ತಯಾರು.

ಆ ಪಟ್ಟಿಯಲ್ಲಿ ಬೆಳೆಯೋದೇನು ಅನ್ನೋದು ಮುಂದಿನ ತಕರಾರು. 'ಸಸ್ಯಾವೃತವಾಗಿರಬೇಕು' ಅಂತ ಬರೆದು ಬಿಟ್ಟರೆ ವಾರಕ್ಕೊಮ್ಮೆ ಕತ್ತರಿಸೋ ಲಾನೂ ಸಸ್ಯವೇ ತಾನೆ! ಗಿಡ್ಡ ಹುಲ್ಲು, ಮೇಲುಮೇಲಿನ ಬೇರು, ಮೇಲಿಂದ ಸುರಿಯೋ ಗೊಬ್ಬರ. ತಡೆಯಬೇಕಾಗಿದ್ದನ್ನ ಪಟ್ಟಿಯೇ ಜೌಗಿಗೆ ಬಡಿಸುತ್ತೆ. ಸ್ಥಳೀಯ ಜಾತಿಯ ಹುಲ್ಲು, ಪೊದೆ, ಮರ ಇರಬೇಕು, ಕತ್ತರಿಸಬಾರದು, ಗೊಬ್ಬರ ಹಾಕಬಾರದು ಅಂತ ಬಿಡಿಸಿಯೇ ಬರೀಬೇಕು. ಕಳೆ ಜಾತಿ ನುಗ್ಗಿದರೆ ಕೀಳೋಕೆ ಅನುಮತಿಯೂ ಇರಲಿ, ಇಲ್ಲದಿದ್ರೆ 'ಮುಟ್ಟಬಾರದು ಅಂತ ನೀವೇ ಬರೆದಿದ್ದೀರಲ್ಲ' ಅನ್ನೋ ಉತ್ತರ ಬರುತ್ತೆ.

ಜೋರು ಮಳೆ ಬಂದಾಗ ಒಂದು ಸಲ ಪಟ್ಟಿಯ ಪಕ್ಕ ಕೂತು ನೋಡಿ. ಕೆಂಪು ನೀರು ಹುಲ್ಲಿನ ಬುಡಗಳ ನಡುವೆ ನುಸುಳುತ್ತಾ ನಿಧಾನವಾಗುತ್ತೆ, ಮರಳು ಮೊದಲ ಕೆಲವು ಹೆಜ್ಜೆಗಳಲ್ಲೇ ಕೂರುತ್ತೆ. ನಯವಾದ ಜೇಡಿ ಕೂರೋಕೆ ಇನ್ನೂ ದೂರ ಬೇಕು. ಅದೇ ಜಾಗದಲ್ಲಿ ಹುಲ್ಲಿನಡಿಯಿಂದ ಒಂದು ಪೈಪು ತೂರಿಸಿದ್ರೆ ಅಥವಾ ಒಂದು ಗೇಣಗಲದ ಕೊರಕಲು ಬಿದ್ದಿದ್ರೆ ನೀರೆಲ್ಲ ಅದರಲ್ಲೇ ಹೋಗಿ ನೇರ ಜೌಗಿಗೆ ಬೀಳುತ್ತೆ. ಪಟ್ಟಿ 100 ಮೀಟರ್ ಇದ್ದರೂ ಬರೀ ಅಲಂಕಾರ. ಚರಂಡಿ, ಪೈಪುಗಳು ಪಟ್ಟಿಯ ಹೊರಗೇ ನಿಂತು ನೀರನ್ನ ಹರವಿ ಬಿಡಬೇಕು ಅನ್ನೋ ಮಾತು ಕರಡಿನಲ್ಲಿ ಇದೆಯಾ, ಹುಡುಕಿ.

ಅಗಲಕ್ಕೆ ಬೆಲೆಯೇ ಇಲ್ಲ ಅಂತ ನಾನು ಹೇಳ್ತಿಲ್ಲ. ಯಾವುದಕ್ಕಾಗಿ ಅನ್ನೋದು ಮೊದಲು ತೀರ್ಮಾನ ಆಗಲಿ. ಹೂಳು ತಡೆಯೋಕೆ ಸಣ್ಣ ಪಟ್ಟಿಯೂ ಸಾಕಷ್ಟು ದುಡಿಯುತ್ತೆ. ಇಳಿಜಾರು ಹೆಚ್ಚಿದಷ್ಟೂ ಅಗಲ ಹೆಚ್ಚಬೇಕು. ಕಪ್ಪೆ ಉಳೀಬೇಕು ಅಂದ್ರೆ ಲೆಕ್ಕವೇ ಬೇರೆ. ಹಲವು ಜಾತಿಯ ಕಪ್ಪೆಗಳು ಮೊಟ್ಟೆಯಿಡೋದು ನೀರಲ್ಲಾದರೂ ಬದುಕಿನ ಬಹುಪಾಲು ಕಳೆಯೋದು ಸುತ್ತಲಿನ ಒಣನೆಲದಲ್ಲಿ. ಸೆಮ್ಲಿಚ್ ಮತ್ತು ಬೋಡಿ ಅನ್ನೋ ಸಂಶೋಧಕರು 2003ರಲ್ಲಿ ಹಲವು ಅಧ್ಯಯನಗಳನ್ನ ಒಟ್ಟಿಗಿಟ್ಟು ನೋಡಿದಾಗ ಉಭಯಚರಗಳಿಗೆ ಬೇಕಾದ ಆ ನೆಲ ಜೌಗಿನ ಅಂಚಿಂದ ಹೊರಕ್ಕೆ 159ರಿಂದ 290 ಮೀಟರ್ ಅಂತ ಬಂತು. 30 ಮೀಟರ್ ಬಿಟ್ಟು 'ಜೀವವೈವಿಧ್ಯ ಉಳಿಸಿದ್ವಿ' ಅಂತ ಪೀಠಿಕೆಯಲ್ಲಿ ಬರೆಯೋರನ್ನ ನೋಡಿದ್ರೆ ನನಗೆ ನಗು ಬರುತ್ತೆ.

ಎಲ್ಲ ಕಡೆ ಒಂದೇ ಅಗಲ ಆಗಲ್ಲ ಅನ್ನೋ ವಾದವೂ ನ್ಯಾಯವೇ. ಅಮೆರಿಕದ ಮಿನ್ನೆಸೋಟ 2015ರ ಕಾನೂನಿನಲ್ಲಿ ಸಾರ್ವಜನಿಕ ಕೆರೆ ಹೊಳೆಗಳ ದಂಡೆಗೆ ಸರಾಸರಿ 50 ಅಡಿ ಅಂತಿಟ್ಟು, ಎಲ್ಲೂ 30 ಅಡಿಗಿಂತ ಇಳಿಯಬಾರದು ಅಂತ ಸೇರಿಸಿತು. ಈ ಎರಡನೇ ಮಾತೇ ಮುಖ್ಯ. ಬರೀ ಸರಾಸರಿ ಅಂತ ಬಿಟ್ಟರೆ, ಯಾರೂ ಹೋಗದ ಮೂಲೆಯಲ್ಲಿ ಧಾರಾಳವಾಗಿ ಬಿಟ್ಟು ಮನೆ ಏಳೋ ಕಡೆ ಸೊನ್ನೆ ಮಾಡ್ತಾರೆ.

ವಿನಾಯಿತಿ ಬಗ್ಗೆ ಹೆಚ್ಚು ಬೇಡ. ಯಾರು ಕೊಡ್ತಾರೆ, ಕಾರಣ ಬರೆದಿಡ್ತಾರಾ, ಎಲ್ಲರಿಗೂ ನೋಡೋಕೆ ಸಿಗುತ್ತಾ, ಇಷ್ಟು ಕೇಳಿ.

ಕೊನೆಗೆ ಗೂಟ. ಹಸಿರು ಪಟ್ಟಿ ಹೊರಗೆ ಎಲ್ಲಿ ಮುಗಿಯುತ್ತೋ ಅಲ್ಲಿ ನೆಲದಲ್ಲಿ ಕಾಣೋ ಗುರುತು ನೆಡಬೇಕು, ಜಾಗದ ಪತ್ರದಲ್ಲೂ ಅದು ನಮೂದಾಗಬೇಕು. ಜಾಗ ಕೈ ಬದಲಾದಾಗ ಹೊಸಬರಿಗೆ ಕಾಣೋದು ಕಾಡು ಬಿದ್ದ ಒಂದು ಹಿತ್ತಿಲು ಅಷ್ಟೇ. ಅವರು ಭಾನುವಾರ ಕತ್ತಿ ಹಿಡಿದು ಇಳಿದರೆ ಅವರನ್ನ ಬಯ್ಯೋಕೆ ನನಗಂತೂ ಮನಸ್ಸು ಬರಲ್ಲ. ಅವರಿಗೆ ಹೇಳೋರೇ ಇರಲಿಲ್ಲವಲ್ಲ.