ಅಮೃತಶಿಲೆಗೆ ಫೇಶಿಯಲ್, ಭಟ್ಟಿಗೆ ಬಿಟ್ಟಿ ಗಾಳಿ

ಗೌರಿ ಹಬ್ಬಕ್ಕೆ ಎರಡು ಡಜನ್ ಹಸಿರು ಬಳೆ ತೊಡಿಸಿಕೊಳ್ಳುತ್ತಿದ್ದೆ. ಬಳೆಗಾರರು "ಫಿರೋಜಾಬಾದ್ ಮಾಲು ಅಕ್ಕಾ" ಎಂದರು. ನನಗೆ ಅಷ್ಟು ಸಾಕಾಯಿತು. ಕೈ ಅವರ ಹತ್ತಿರ, ತಲೆ ಉತ್ತರ ಪ್ರದೇಶದಲ್ಲಿ.

ಫಿರೋಜಾಬಾದ್‌ನಿಂದ ತಾಜ್ ಮಹಲಿಗೆ ಸುಮಾರು 40 ಕಿಲೋಮೀಟರ್. ಒಂದು ಕಾಲಕ್ಕೆ ಅಲ್ಲಿನ ಗಾಜಿನ ಭಟ್ಟಿಗಳು ಕಲ್ಲಿದ್ದಲು ತಿನ್ನುತ್ತಿದ್ದವು. ಹೊಗೆ ಕಪ್ಪು, ತಾಜ್ ಬಿಳಿ. ಎಂ.ಸಿ. ಮೆಹ್ತಾ ಎಂಬ ವಕೀಲರು 1984ರಲ್ಲಿ ಸುಪ್ರೀಂ ಕೋರ್ಟಿಗೆ ಹೋದರು. 1996ರ ಡಿಸೆಂಬರ್ 30ಕ್ಕೆ ತೀರ್ಪು ಬಂತು. ತಾಜ್ ಸುತ್ತಲಿನ 10,400 ಚದರ ಕಿಲೋಮೀಟರ್ ವಲಯದಲ್ಲಿ 292 ಕಾರ್ಖಾನೆಗಳು ಗ್ಯಾಸಿಗೆ ಬದಲಾಗಬೇಕು, ಇಲ್ಲವೇ ಜಾಗ ಖಾಲಿ ಮಾಡಬೇಕು.

ಒಳ್ಳೆಯದೇ ಆಯಿತು. ಗ್ಯಾಸ್ ಬಂದ ಭಟ್ಟಿಗಳಲ್ಲಿ ಮಸಿ, ಗಂಧಕ ಎರಡೂ ಇಳಿದವು. ಹೊಗೆ ಕಾಣಲಿಲ್ಲ ಅಂದಮೇಲೆ ಎಲ್ಲರೂ ಕೈ ತೊಳೆದುಕೊಂಡರು.

ಇನ್ನು ಕಾಣದ್ದರ ಕಥೆ. ಗಾಳಿಯಲ್ಲಿ ನೂರಕ್ಕೆ 78 ಪಾಲು ಸಾರಜನಕ. ಸೋಮಾರಿ ಅನಿಲ. ಮದುವೆಮನೆಯಲ್ಲಿ ಮೂಲೆಯ ಕುರ್ಚಿ ಹಿಡಿದು ಕೂತ ಮಾವನ ಹಾಗೆ ಯಾರ ತಂಟೆಗೂ ಹೋಗುವುದಿಲ್ಲ. ಆದರೆ ಗಾಜು ಕರಗಿಸಲು 1500 ಡಿಗ್ರಿ ಆಸುಪಾಸು ಶಾಖ ಬೇಕು. ಉರಿ ಅದಕ್ಕಿಂತ ಬಿಸಿ. ಆ ಬಿಸಿಗೆ ಮಾವನೂ ಎದ್ದು ಆಮ್ಲಜನಕದ ಕೈ ಹಿಡಿದು ಕುಣಿಯುತ್ತಾರೆ. ಹುಟ್ಟುವುದು ನೈಟ್ರೋಜನ್ ಆಕ್ಸೈಡ್, ಶ್ವಾಸಕೋಶಕ್ಕೆ ಕೆಟ್ಟ ಅನಿಲ. ಇಂಧನ ಎಷ್ಟೇ ಚೊಕ್ಕವಿರಲಿ, ಇದರ ಕಚ್ಚಾಮಾಲು ಗಾಳಿಯಲ್ಲೇ ಬಿಟ್ಟಿ ಸಿಗುತ್ತದೆ. ಸಾಲದ್ದಕ್ಕೆ ಗ್ಯಾಸ್ ಉಳಿಸಲು ಒಳಹೋಗುವ ಗಾಳಿಯನ್ನು ಹೊರಬರುವ ಹೊಗೆಯ ಶಾಖದಲ್ಲೇ ಕಾಯಿಸುತ್ತಾರೆ. ಬಿಲ್ಲು ಇಳಿಯಿತು, ಉರಿ ಇನ್ನೂ ಬಿಸಿಯಾಯಿತು, ಮಾವನ ಕುಣಿತ ಜಾಸ್ತಿಯಾಯಿತು.

ಇದಕ್ಕೊಂದು ಮಿತಿ ಬೇಡವೇ? 2017ರ ಅಕ್ಟೋಬರ್‌ನಲ್ಲಿ ಪೆಟ್‌ಕೋಕ್ (ಕಚ್ಚಾ ತೈಲ ಶುದ್ಧಿ ಮಾಡಿದ ಮೇಲೆ ಉಳಿಯುವ ಕಲ್ಲಿದ್ದಲಿನಂಥ ಕೊಳಕು ಇಂಧನ) ವಿಚಾರಣೆ ನಡೆಯುವಾಗ ಸುಪ್ರೀಂ ಕೋರ್ಟಿನ ಎದುರು ಇದೇ ಪ್ರಶ್ನೆ ಇತ್ತು. 34 ಬಗೆಯ ಉದ್ಯಮಗಳಿಗೆ ಗಂಧಕ, ಸಾರಜನಕದ ಆಕ್ಸೈಡ್‌ಗಳ ಮಿತಿ ಗೊತ್ತು ಮಾಡಿರಲೇ ಇಲ್ಲ. ಪರಿಸರ ಸಚಿವಾಲಯಕ್ಕೆ 2 ಲಕ್ಷ ರೂಪಾಯಿ ದಂಡ ಬಿತ್ತು. ನಾನು ಕ್ಯಾಲ್ಕುಲೇಟರ್ ಒತ್ತಿ ನೋಡಿದೆ: ಒಂದು ಉದ್ಯಮದ ಪಾಲಿಗೆ 5,882 ರೂಪಾಯಿ. ನಮ್ಮ ಕಡೆ ಸೀಮಂತಕ್ಕೆ ಬಳೆ, ಹೂವು, ರವಿಕೆ ಕಣ ತಂದರೂ ಅದಕ್ಕಿಂತ ಜಾಸ್ತಿ ಆಗುತ್ತದೆ. ಅದೂ ನಮ್ಮ ತೆರಿಗೆ ದುಡ್ಡೇ, ಅಲ್ವಾ? ಆದರೂ ದಂಡಕ್ಕೆ ಎಂಥ ಶಕ್ತಿ ನೋಡಿ. ತೀರ್ಪು ಬಂದು 20 ವರ್ಷ ಕಳೆದರೂ ಸಿಗದ ಮಿತಿ ಮೂರು ಚಿಲ್ಲರೆ ತಿಂಗಳಲ್ಲಿ ಸಿಕ್ಕಿತು. 2018ರ ಜನವರಿ 29ರ ಅಧಿಸೂಚನೆಯಲ್ಲಿ ಗಾಜಿನ ಉದ್ಯಮದ ಹೆಸರೂ ಇತ್ತು. ಮೊದಲೇ ದಂಡ ಹಾಕಿದ್ದರೆ ಎಷ್ಟು ಅಗ್ಗವಾಗುತ್ತಿತ್ತು!

ಮದ್ದು ಇಲ್ಲ ಅಂತೇನಲ್ಲ. ಬೇಕಾದ್ದಕ್ಕಿಂತ ಜಾಸ್ತಿ ಗಾಳಿ ಊದಬೇಡಿ, ಗ್ಯಾಸೂ ಉಳಿಯುತ್ತದೆ. ಹಂತ ಹಂತವಾಗಿ ಉರಿಸುವ ಬರ್ನರ್ ಹಾಕಿ. ಗಾಳಿಯ ಬದಲು ಬರೀ ಆಮ್ಲಜನಕ ಕೊಟ್ಟರೆ ಮಾವನಿಗೆ ಆಮಂತ್ರಣವೇ ಹೋಗುವುದಿಲ್ಲ. ಇಷ್ಟಾದರೂ ಉಳಿದರೆ, ಹೊಗೆಗೆ ಅಮೋನಿಯ ಸೇರಿಸಿ ಕ್ಯಾಟಲಿಸ್ಟ್ (ತಾನು ಸವೆಯದೆ ರಾಸಾಯನಿಕ ಕ್ರಿಯೆ ಚುರುಕು ಮಾಡುವ ವಸ್ತು) ಮೇಲೆ ಹಾಯಿಸಿ. ಮಾವ ಮತ್ತೆ ಕುರ್ಚಿಗೆ.

ಇವೆಲ್ಲಕ್ಕಿಂತ ಅಗ್ಗದ ಉಪಾಯವೂ ಒಂದಿದೆ. ಚಿಮಣಿಗೆ ಒಂದಿಷ್ಟು ಹೊರಗಿನ ಗಾಳಿ ಬೆರೆಸುವುದು. ಉಪ್ಪಾದ ಸಾರಿಗೆ ನೀರು ಹೊಯ್ದ ಹಾಗೆ. ಪಾತ್ರೆಯಲ್ಲಿರುವ ಉಪ್ಪು ಅಷ್ಟೇ, ಸೌಟು ಮಾತ್ರ ಪಾಸು. ಇದನ್ನು ಹಿಡಿಯಲೆಂದೇ ಹೊಗೆಯಲ್ಲಿ ಉಳಿದ ಆಮ್ಲಜನಕವನ್ನೂ ಅಳೆದು ಲೆಕ್ಕ ಸರಿ ಮಾಡುತ್ತಾರೆ. ಅಳೆದರೆ.

ತಾಜ್ ಮಹಲಿಗೇನು ಚಿಂತೆ! ಪುರಾತತ್ವ ಇಲಾಖೆಯವರು ಆಗಾಗ ಮುಲ್ತಾನಿ ಮಿಟ್ಟಿ ಬಳಿದು ಹಳದಿ ತೆಗೆಯುತ್ತಾರೆ. ಥೇಟ್ ಬ್ಯೂಟಿ ಪಾರ್ಲರ್. ಭಟ್ಟಿ ಮುಂದೆ ನಿಂತವನ ಶ್ವಾಸಕೋಶಕ್ಕೆ ಬಳಿಯುವ ಮಣ್ಣು ಇನ್ನೂ ಸಿಕ್ಕಿಲ್ಲ. ಟಿಕೆಟ್ ಕೊಂಡು ಅವನನ್ನು ನೋಡಲು ಯಾರೂ ಬರುವುದಿಲ್ಲವಲ್ಲ.

"ಅಣ್ಣಾ, ನೈಟ್ರೋಜನ್ ಆಕ್ಸೈಡ್ ಕಮ್ಮಿ ಇರೋದು ಇದೆಯಾ?" ಎಂದು ಕೇಳಿಯೇಬಿಟ್ಟೆ.

ಬಳೆಗಾರರು ತಲೆ ಎತ್ತಲಿಲ್ಲ. "ಆ ಡಿಸೈನ್ ಇನ್ನೂ ಬಂದಿಲ್ಲ ಅಕ್ಕಾ. ದೀಪಾವಳಿ ಹೊತ್ತಿಗೆ ಬರಬಹುದು. ನೀವು ಸ್ವಲ್ಪ ಕೈ ಸಡಿಲ ಬಿಡಿ."